ವಿದ್ಯಾರ್ಥಿಗಳ ವೆಬ್ ಪ್ರಾಜೆಕ್ಟಿನಲ್ಲಿ ಬಳಸುವವರ ಸ್ಥಾನ: ಒಂದು ಪಾಠ ಅಧ್ಯಯನ

ಹಿನ್ನೆಲೆ

ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ನಾನು ಮತ್ತು ಇಬ್ಬರು ಸಹಪಾಠಿಗಳು ಸೇರಿ ಒಂದು ವೆಬ್ ಅಪ್ಲಿಕೇಶನ್ ಪ್ರಾಜೆಕ್ಟ್ ಮಾಡಿದ್ದೆವು. ಹೆಸರು ‘ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್’. ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಬಳಸಿದ್ದೆವು. ವೈವಾದಲ್ಲಿ ಪರೀಕ್ಷಕರು ಡೇಟಾಬೇಸಿನ ಕೋಷ್ಟಕಗಳ ಬಗ್ಗೆ ಕೇಳಿದರು, ಇ-ಆರ್ ಚಿತ್ರ ಬಿಡಿಸಲು ಹೇಳಿದರು. ಒಳ್ಳೆಯ ಅಂಕ ಬಂತು. ಕಾಲೇಜಿನ ಗ್ರಂಥಾಲಯ ನಮ್ಮ ಲ್ಯಾಬಿಗಿಂತ ಒಂದು ಮಹಡಿ ಕೆಳಗಿತ್ತು. ಗ್ರಂಥಪಾಲಕರಿಗೆ ಆ ಪ್ರಾಜೆಕ್ಟನ್ನು ನಾವು ಒಮ್ಮೆಯೂ ತೋರಿಸಲಿಲ್ಲ. ತೋರಿಸಿದಿರಾ ಎಂದು ಯಾರೂ ಕೇಳಲೂ ಇಲ್ಲ.

ಈ ಮಾತು ನನಗೆ ನೆನಪಾದದ್ದು ಬೋಧನಾಭ್ಯಾಸದ ಸಮಯದಲ್ಲಿ. ಸೋಲದೇವನಹಳ್ಳಿ ಸುತ್ತಲಿನ ಒಂದು ಪ್ರೌಢಶಾಲೆಯಲ್ಲಿ ಗಣಿತದ ಪಾಠಗಳ ಜೊತೆಗೆ ಒಂಬತ್ತನೆಯ ತರಗತಿಯ ಗಣಕ ಅವಧಿಗಳನ್ನೂ ನನಗೆ ಒಪ್ಪಿಸಲಾಗಿತ್ತು. ವೆಬ್ ಪುಟ ತಯಾರಿಸುವುದನ್ನು ಕಲಿಸಬೇಕಿತ್ತು. ಮೊದಲು ಬರೆದ ಘಟಕ ಯೋಜನೆಯಲ್ಲಿ ನಾನು ಕಲಿತ ಕ್ರಮವನ್ನೇ ಇಳಿಸಿದ್ದೆ: ಟ್ಯಾಗ್‌ಗಳ ಪರಿಚಯ, ಫಾರ್ಮ್, ಬಣ್ಣ, ಬಟನ್, ಕೊನೆಗೆ ಪ್ರದರ್ಶನ. ಯೋಜನೆಯನ್ನು ಓದಿದ ಮಾರ್ಗದರ್ಶಕ ಶಿಕ್ಷಕರು ಅಂಚಿನಲ್ಲಿ ಒಂದೇ ಪ್ರಶ್ನೆ ಬರೆದರು: “ಈ ಪುಟವನ್ನು ಬಳಸುವವರು ಯಾರು?”

ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಉತ್ತರ ಹುಡುಕುತ್ತಾ ಹೋದ ಆರು ಅವಧಿಗಳ ಪಾಠದ ವರದಿಯೇ ಈ ಲೇಖನ.

ಬಳಸುವವರನ್ನು ಗುರುತಿಸಿದ್ದು

ಆ ಶಾಲೆಯಲ್ಲಿ ಬಿಸಿಯೂಟ ಶಾಲೆಯ ಆವರಣದಲ್ಲೇ ತಯಾರಾಗುತ್ತದೆ. ಪ್ರತಿದಿನ ಹಾಜರಿ ಮುಗಿದ ಮೇಲೆ ಪ್ರತಿ ತರಗತಿಯ ಲೀಡರ್ ಊಟ ಮಾಡುವವರನ್ನು ಎಣಿಸಿ, ಅಡುಗೆಮನೆಯ ಬಾಗಿಲ ಪಕ್ಕದ ಪುಟ್ಟ ಕಪ್ಪು ಹಲಗೆಯ ಮೇಲೆ ಬರೆದು ಬರುತ್ತಾರೆ. ಅಡುಗೆಯ ಅಕ್ಕ ಅದನ್ನು ನೋಡಿ ಅಕ್ಕಿ ಅಳೆಯುತ್ತಾರೆ. ‘ಬಿಸಿಯೂಟದ ಲೆಕ್ಕ’ದ ವೆಬ್ ಪುಟ ಮಾಡೋಣ ಎಂದು ಸೂಚಿಸಿದ್ದು ಮಕ್ಕಳೇ. ನನಗೂ ಇದು ಸರಿ ಎನಿಸಿತು. ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕು ಎಂಬುದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮೊದಲ ಮಾರ್ಗದರ್ಶಿ ತತ್ತ್ವ. ಇಲ್ಲಿ ಆ ಬದುಕು ಕಾಂಪೌಂಡಿನ ಒಳಗೇ ಇತ್ತು.

ಲೆಕ್ಕವೂ ಸರಳ. ಮಧ್ಯಾಹ್ನದ ಊಟದ ರಾಷ್ಟ್ರೀಯ ಯೋಜನೆಯಲ್ಲಿ 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ, 6ರಿಂದ 8ನೇ ತರಗತಿಯವರಿಗೆ 150 ಗ್ರಾಂ ಧಾನ್ಯವೆಂದು ನಿಗದಿಯಾಗಿದೆ. ನಮ್ಮ ಪುಟದಲ್ಲಿ 8, 9, 10 ಮೂರೂ ತರಗತಿಗೂ 150 ಗ್ರಾಂ ಎಂದೇ ಹಿಡಿದೆವು. ಅನ್ನ-ಸಾಂಬಾರಿನ ದಿನಕ್ಕೆ ಮಾತ್ರ ಈ ಪುಟ ಎಂದೂ ನಿರ್ಧರಿಸಿದೆವು. ಮೂರು ಚೌಕಗಳಲ್ಲಿ ಮೂರು ಸಂಖ್ಯೆ ತುಂಬಿದರೆ ಒಟ್ಟು ಮಕ್ಕಳು ಎಷ್ಟು, ಅಕ್ಕಿ ಎಷ್ಟು ಎಂದು ಪುಟ ತೋರಿಸಬೇಕು. ಸರ್ವರ್ ಇಲ್ಲ, ಡೇಟಾಬೇಸ್ ಇಲ್ಲ. ಒಂದೇ ಎಚ್‌ಟಿಎಂಎಲ್ ಕಡತ, ಅದರೊಳಗೆ ಹತ್ತು ಸಾಲಿನ ಜಾವಾಸ್ಕ್ರಿಪ್ಟ್. ಇದನ್ನು ಪೂರ್ಣ ವೆಬ್ ಅಪ್ಲಿಕೇಶನ್ ಎನ್ನಲಾಗದು. ಆದರೆ ಪರದೆಯ ವಿನ್ಯಾಸ ಕಲಿಸಲು ಇಷ್ಟು ಸಾಕು.

ಪಾಠದ ಉದ್ದೇಶಗಳನ್ನು ಹೀಗೆ ಬದಲಿಸಿ ಬರೆದೆ:

1. ವಿದ್ಯಾರ್ಥಿಗಳು ಸಂಖ್ಯೆ ತುಂಬುವ ಫಾರ್ಮ್ ಇರುವ ಒಂದು ಕನ್ನಡ ವೆಬ್ ಪುಟ ತಯಾರಿಸುವರು.
2. ಪುಟವನ್ನು ಬಳಸುವ ವ್ಯಕ್ತಿಗೆ ಒಂದು ಕೆಲಸ ಕೊಟ್ಟು, ಮಧ್ಯೆ ಬಾಯಿ ಹಾಕದೆ ಗಮನಿಸಿ, ಕಂಡದ್ದನ್ನು ದಾಖಲಿಸುವರು.
3. ದಾಖಲೆಯ ಆಧಾರದ ಮೇಲೆ ಪುಟವನ್ನು ತಿದ್ದುವರು, ತಿದ್ದಿದ್ದಕ್ಕೆ ಕಾರಣ ಹೇಳುವರು.

ಎರಡನೆಯ ಉದ್ದೇಶ ಬರೆಯುವಾಗ ಅದು ನನಗೇ ಎಷ್ಟು ಕಷ್ಟವಾಗಲಿದೆ ಎಂಬ ಅಂದಾಜು ಇರಲಿಲ್ಲ.

ಮೊದಲ ಅವಧಿ: ಏಳು ಅಕ್ಷರ, ಹನ್ನೆರಡು ಸಂಕೇತ

ಅಭ್ಯಾಸಕ್ಕೆಂದು ಮೊದಲು ಒಂದು ಸಣ್ಣ ಫಾರ್ಮ್ ಮಾಡಿಸಿದೆ: ಹೆಸರು, ತರಗತಿ, ಊರು. ಚೌಕದಲ್ಲಿ ಎಷ್ಟು ಅಕ್ಷರ ಹಿಡಿಯಬೇಕೆಂದು ನಿಗದಿ ಮಾಡುವ ‘ಮ್ಯಾಕ್ಸ್‌ಲೆಂತ್’ ಎಂಬ ಗುಣವನ್ನು ಪರಿಚಯಿಸಿದ್ದೆ. ಒಬ್ಬ ಹುಡುಗ ಬೆರಳು ಮಡಚಿ ಎಣಿಸಿದ: ಸೋ, ಲ, ದೇ, ವ, ನ, ಹ, ಳ್ಳಿ. “ಏಳು ಅಕ್ಷರ ಮಿಸ್, ಹತ್ತು ಇಟ್ಟರೆ ಧಾರಾಳ” ಎಂದು ಹತ್ತು ಎಂದೇ ಬರೆದ. ನಂತರ ಊರಿನ ಹೆಸರು ಬೆರಳಚ್ಚು ಮಾಡಿದರೆ ಚೌಕದಲ್ಲಿ ಉಳಿದದ್ದು ‘ಸೋಲದೇವನಹಳ್’. ಮುಂದಕ್ಕೆ ಒಂದು ಅಕ್ಷರವೂ ಹೋಗಲಿಲ್ಲ. ಕೀಲಿಮಣೆ ಕೆಟ್ಟಿದೆ ಎಂದು ಪಕ್ಕದವನ ಕಂಪ್ಯೂಟರಿನಲ್ಲಿ ಪ್ರಯತ್ನಿಸಿದ. ಅಲ್ಲಿಯೂ ಅಷ್ಟೇ.

ಇದನ್ನು ನಾನು ಮೊದಲೇ ಯೋಜಿಸಿರಲಿಲ್ಲ. ಆದರೆ ಇಡೀ ಘಟಕಕ್ಕೆ ಇದಕ್ಕಿಂತ ಒಳ್ಳೆಯ ಪ್ರವೇಶ ಸಿಗುತ್ತಿರಲಿಲ್ಲ. ಯೂನಿಕೋಡಿನಲ್ಲಿ ವ್ಯಂಜನಕ್ಕೆ ಒಂದು ಸಂಕೇತ, ಸ್ವರಚಿಹ್ನೆಗೆ ಒಂದು, ವಿರಾಮಕ್ಕೆ, ಅಂದರೆ ಅರ್ಧಾಕ್ಷರದ ಗುರುತಿಗೆ, ಮತ್ತೊಂದು. ಕಪ್ಪು ಹಲಗೆಯ ಮೇಲೆ ಊರಿನ ಹೆಸರನ್ನು ಬಿಡಿಸಿದೆವು. ‘ಸೋ’ ಎರಡು, ‘ಲ’ ಒಂದು, ‘ದೇ’ ಎರಡು, ‘ವ’, ‘ನ’, ‘ಹ’ ಒಂದೊಂದು, ‘ಳ್ಳಿ’ ನಾಲ್ಕು. ಒಟ್ಟು ಹನ್ನೆರಡು. ಬ್ರೌಸರ್ ಎಣಿಸುವುದು ಈ ಸಂಕೇತಗಳನ್ನು, ನಾವು ಓದುವ ಅಕ್ಷರಗಳನ್ನಲ್ಲ. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತ ಬೇಕು. ಕನ್ನಡದ ಸಂಕೇತಗಳು 1991ರ ಯೂನಿಕೋಡ್ ಮೊದಲ ಆವೃತ್ತಿಯಿಂದಲೇ ಇವೆ. ಆದರೂ ಚೌಕದ ಅಳತೆ ನಿರ್ಧರಿಸುವವರು ಇಂಗ್ಲಿಷಿನ ಲೆಕ್ಕದಲ್ಲಿ ಯೋಚಿಸಿದರೆ ನಮ್ಮ ಊರು ಅರ್ಧಕ್ಕೇ ನಿಲ್ಲುತ್ತದೆ.

ಆಗ ನಾನು ಕೇಳಿದ ಪ್ರಶ್ನೆ: “ಊರಿನ ಹೆಸರು ತುಂಬಲು ಆಗಲಿಲ್ಲ. ತಪ್ಪು ಯಾರದು?” ಮೊದಲ ಉತ್ತರ, “ಟೈಪ್ ಮಾಡಿದವನದು ಮಿಸ್.” ಎರಡನೆಯದು, “ಕೀಬೋರ್ಡಿನದು.” ಸ್ವಲ್ಪ ಹೊತ್ತು ಬಿಟ್ಟು ಹಿಂದಿನ ಬೆಂಚಿನಿಂದ ಬಂದದ್ದು, “ಚೌಕ ಚಿಕ್ಕದು ಮಾಡಿದವರದು.” ಆ ಮೂರನೆಯ ಉತ್ತರವನ್ನು ಹಲಗೆಯ ಮೂಲೆಯಲ್ಲಿ ಬರೆದು, ಅಳಿಸಬೇಡಿ ಎಂದು ಗೆರೆ ಹಾಕಿದೆ.

ಎರಡು ಮತ್ತು ಮೂರನೆಯ ಅವಧಿ: ಪುಟ ತಯಾರಿ

ಮಕ್ಕಳು ಗುಂಪುಗಳಲ್ಲಿ ಪುಟ ತಯಾರಿಸಿದರು. ಇಲ್ಲಿ ಎದುರಾದ ಎರಡು ತೊಡಕುಗಳನ್ನು ಮುಂದೆ ಕಲಿಸುವವರಿಗಾಗಿ ದಾಖಲಿಸುತ್ತೇನೆ. ಮೊದಲನೆಯದು, ಯೂನಿಕೋಡಿಗೆ ಮುಂಚಿನ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಕನ್ನಡ ಬ್ರೌಸರಿನಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತದೆ. ಬೆರಳಚ್ಚು ತಂತ್ರಾಂಶದಲ್ಲಿ ಯೂನಿಕೋಡ್ ಆಯ್ಕೆ ಆಗಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಎರಡನೆಯದು, ಹಳೆಯ ನೋಟ್‌ಪ್ಯಾಡಿನಲ್ಲಿ ಕಡತ ಉಳಿಸುವಾಗ ‘ಯುಟಿಎಫ್-8’ ಆರಿಸದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಿಡುತ್ತದೆ, ಮತ್ತೆ ಮರಳಿ ಬರುವುದಿಲ್ಲ. ಒಂದು ಗುಂಪು ಇಡೀ ಅವಧಿಯ ಕೆಲಸವನ್ನು ಹೀಗೆ ಕಳೆದುಕೊಂಡಿತು.

ಮೂರನೆಯ ಅವಧಿಯ ಕೊನೆಗೆ ಎಲ್ಲರೂ ಸೇರಿ ಒಂದು ಪುಟವನ್ನು ಆರಿಸಿದರು. ನೋಡಲು ಅದೇ ಎಲ್ಲಕ್ಕಿಂತ ಚೆಂದವಿತ್ತು. ಮೇಲೆ ನೀಲಿ ಪಟ್ಟಿಯಲ್ಲಿ ‘ಮಧ್ಯಾಹ್ನ ಉಪಾಹಾರ ನಿರ್ವಹಣಾ ವ್ಯವಸ್ಥೆ’ ಎಂಬ ಶೀರ್ಷಿಕೆ, ತಿಳಿ ಬೂದು ಬಣ್ಣದ ತೆಳು ಅಕ್ಷರ, ಮೂರು ಚೌಕ, ಪ್ರತಿ ಚೌಕದಲ್ಲೂ ಮೊದಲೇ ತುಂಬಿದ 0, ಕೆಳಗೆ ‘ಸಲ್ಲಿಸು’ ಎಂಬ ಬಟನ್. “ಚೆನ್ನಾಗಿದೆಯಾ?” ಎಂದು ಕೇಳಿದೆ. ಇಡೀ ತರಗತಿ “ಚೆನ್ನಾಗಿದೆ ಮಿಸ್” ಎಂದಿತು. ನನಗೂ ಹಾಗೆಯೇ ಅನಿಸಿತು. ಪುಟವನ್ನು ನನ್ನ ಮೊಬೈಲಿಗೆ ಹಾಕಿಕೊಂಡೆ.

ನಾಲ್ಕನೆಯ ಅವಧಿ: ಅಡುಗೆಮನೆಯಲ್ಲಿ

ಪುಟ ತಯಾರಿಸಿದ ಐದು ಮಕ್ಕಳೊಂದಿಗೆ ಅಡುಗೆಮನೆಗೆ ಹೋದೆ. ಮಾರ್ಗದರ್ಶಕ ಶಿಕ್ಷಕರು ಬಾಗಿಲ ಬಳಿ ವೀಕ್ಷಣಾ ಹಾಳೆ ಹಿಡಿದು ನಿಂತಿದ್ದರು. ಅಕ್ಕ ಬೇಳೆ ತೊಳೆಯುತ್ತಿದ್ದರು. ಕೈ ಒರೆಸಿಕೊಂಡು ಮೊಬೈಲ್ ತೆಗೆದುಕೊಂಡರು. “ಈವತ್ತಿನ ಲೆಕ್ಕ ಇದರಲ್ಲಿ ಹಾಕಿ ಅಕ್ಕಾ, ಅಕ್ಕಿ ಎಷ್ಟು ಅಂತ ಹೇಳುತ್ತೆ” ಎಂದೆ. ಹಲಗೆಯ ಮೇಲೆ ಆ ದಿನದ ಸಂಖ್ಯೆಗಳಿದ್ದವು: 42, 38, 45.

ಮುಂದಿನ ಐದು ನಿಮಿಷದಲ್ಲಿ ನಡೆದದ್ದು ಇದು. ಬಾಗಿಲಿನಿಂದ ಬೀಳುವ ಬಿಸಿಲಿಗೆ ತಿಳಿ ಬೂದು ಅಕ್ಷರ ಕಾಣಲಿಲ್ಲ. ಅವರು ಮೊಬೈಲನ್ನು ಆಚೀಚೆ ತಿರುಗಿಸಿ ನೋಡಿದರು. ಶೀರ್ಷಿಕೆಯನ್ನು ನಿಧಾನವಾಗಿ ಕೂಡಿಸಿ ಓದಲು ಹೊರಟು ಅರ್ಧಕ್ಕೆ ಬಿಟ್ಟರು. ಮೊದಲ ಚೌಕದ ಎಡಗಡೆ ಬೆರಳಿಟ್ಟು 42 ಒತ್ತಿದರು. ಅಲ್ಲಿ ಮೊದಲೇ ಇದ್ದ ಸೊನ್ನೆ ಹಾಗೇ ಉಳಿದು 420 ಆಯಿತು. ಹುಡುಗರು “ಫೋರ್ ಟ್ವೆಂಟಿ!” ಎಂದು ಕಿಸಕ್ಕನೆ ನಕ್ಕರು. ಅಕ್ಕನ ಮುಖ ಬಿಗಿಯಿತು. ಆದರೂ ಉಳಿದೆರಡು ಚೌಕ ತುಂಬಿದರು. ‘ಸಲ್ಲಿಸು’ ಎಂಬುದರ ಮೇಲೆ ಬೆರಳು ತಂದವರು ನಿಲ್ಲಿಸಿ ಕೇಳಿದರು: “ಇದ್ನ ಒತ್ತಿದ್ರೆ ಆಫೀಸ್ಗೆ ಹೋಗ್ಬುಡ್ತದಾ ಮೇಡಂ?”

ಹೋಗುವುದಿಲ್ಲ ಎಂದು ಹೇಳುವ ಬದಲು ನಾನು ಅವರ ಕೈಯಿಂದ ಮೊಬೈಲ್ ತೆಗೆದುಕೊಂಡು ಆ ಬಟನನ್ನು ನಾನೇ ಒತ್ತಿದೆ. ಪರದೆಯ ಮೇಲೆ ‘75450’ ಎಂದು ಬಂತು. ಗ್ರಾಂ ಎಂಬ ಮಾತೂ ಇರಲಿಲ್ಲ. “ಎಪ್ಪತ್ತೈದು ಕೆ.ಜಿ.” ಎಂದು ಒಬ್ಬ ಹುಡುಗ ಬಿಡಿಸಿ ಹೇಳಿದ. “ಒಂದೂವರೆ ಮೂಟೆ ಅನ್ನ ಮಾಡ್ಬೇಕಾ ಈವತ್ತು?” ಎಂದರು ಅಕ್ಕ. ಆಮೇಲೆ, “ನಮ್ಗೆಲ್ಲಿ ಬರ್ತದೆ ಇದೆಲ್ಲಾ, ಓದ್ದೋರ್ಗೆ ಇದು” ಎಂದು ಬೇಳೆಯ ಕಡೆ ತಿರುಗಿದರು.

ಗಮನಿಸಬೇಕಾದದ್ದು ಇಷ್ಟು: ಉತ್ತರ ತಪ್ಪು ಎಂಬುದನ್ನು ಮೊದಲು ಹಿಡಿದದ್ದು ಅವರೇ. 125 ಮಕ್ಕಳಿಗೆ ಒಂದೂವರೆ ಮೂಟೆ ಬೇಡ ಎಂಬುದು ಅವರಿಗೆ ಲೆಕ್ಕ ಮಾಡದೆಯೇ ಗೊತ್ತು. ಪುಟ ತಯಾರಿಸಿದ ಮಕ್ಕಳಿಗೂ, ಬಿ.ಎಸ್ಸಿ. ಓದಿದ ನನಗೂ ಆ ಸಂಖ್ಯೆ ನೋಡಿ ಏನೂ ಅನಿಸಿರಲಿಲ್ಲ. ಆದರೆ ತನಗೆ ಬರುವುದಿಲ್ಲ ಎಂದು ಒಪ್ಪಿಕೊಂಡು ತಿರುಗಿದವರು ಮಾತ್ರ ಅವರು.

ವೀಕ್ಷಣಾ ಹಾಳೆಯಲ್ಲಿ ಮಾರ್ಗದರ್ಶಕರು ನನ್ನ ಬಗ್ಗೆ ಬರೆದ ಸಾಲು: “ಪರೀಕ್ಷೆ ಬರೆಯುತ್ತಿದ್ದದ್ದು ನಿಮ್ಮ ಪುಟ, ಅಡುಗೆಯವರಲ್ಲ. ಪೆನ್ನು ಕಿತ್ತುಕೊಂಡು ಉತ್ತರ ಬರೆದವರು ನೀವು. ತರಗತಿಯಲ್ಲೂ ಹೀಗೆಯೇ ಮಾಡುತ್ತೀರಿ.”

ತರಗತಿಯಲ್ಲೂ ಹೀಗೆಯೇ

ಕೊನೆಯ ವಾಕ್ಯ ನನಗೆ ನೋವು ಕೊಟ್ಟಿತು. ಆ ಸಂಜೆ ಹಿಂದಿನ ಗಣಿತದ ಪಾಠಗಳ ವೀಕ್ಷಣಾ ಹಾಳೆಗಳನ್ನು ತೆಗೆದು ನೋಡಿದೆ. “ಪ್ರಶ್ನೆ ಕೇಳಿ ಕಾಯುವ ಸಮಯ ಸಾಲದು”, “ವಿದ್ಯಾರ್ಥಿನಿ ಹಲಗೆಯ ಬಳಿ ತಡವರಿಸಿದಾಗ ಶಿಕ್ಷಕಿಯೇ ಪೂರ್ಣಗೊಳಿಸಿದರು” ಎಂಬ ಸಾಲುಗಳು ಬೇರೆ ಬೇರೆ ದಿನಗಳಲ್ಲಿದ್ದವು. ಅವುಗಳನ್ನು ಓದಿ ಸಹಿ ಹಾಕಿದ್ದೆ, ಅಷ್ಟೇ.

ಪಾಠದ ಕೊನೆಗೆ ನಾವೆಲ್ಲ “ಅರ್ಥ ಆಯಿತಾ?” ಎಂದು ಕೇಳುತ್ತೇವೆ. ಮಕ್ಕಳು “ಆಯಿತು” ಎನ್ನುತ್ತಾರೆ. ‘ಆಗಲಿಲ್ಲ’ ಎಂದರೆ ದಡ್ಡತನ ತನ್ನದೇ ಎಂದಾಗುತ್ತದೆ ಎಂದು ಮಗುವಿಗೆ ಗೊತ್ತು. ಪುಟ ತೋರಿಸಿ “ಚೆನ್ನಾಗಿದೆಯಾ?” ಎಂದು ಕೇಳುವುದೂ ಇದೇ ಬಗೆಯ ಪ್ರಶ್ನೆ. ಎರಡಕ್ಕೂ ಬರುವ ಉತ್ತರದಿಂದ ಕಲಿಸಿದವರಿಗೆ ಸಮಾಧಾನ ಸಿಗುತ್ತದೆ, ತಿಳಿವಳಿಕೆ ಸಿಗುವುದಿಲ್ಲ. ಅರ್ಥವಾಗಿದೆಯೇ ಎಂದು ತಿಳಿಯಲು ಇರುವ ದಾರಿ ಒಂದೇ: ಒಂದು ಕೆಲಸ ಕೊಟ್ಟು, ಸುಮ್ಮನಿದ್ದು, ನೋಡುವುದು.

ಇಂಟರ್‌ಫೇಸ್ ವಿನ್ಯಾಸದ ಶಾಸ್ತ್ರವೂ ಇದನ್ನೇ ಹೇಳುತ್ತದೆ. ಬಾಗಿಲು, ಒಲೆ, ನಲ್ಲಿಯಂಥ ದಿನಬಳಕೆಯ ವಸ್ತುಗಳ ವಿನ್ಯಾಸದ ಬಗ್ಗೆ ಡೊನಾಲ್ಡ್ ನಾರ್ಮನ್ 1988ರಲ್ಲಿ ಬರೆದ ಪುಸ್ತಕದ ಮುಖ್ಯ ವಾದವೆಂದರೆ, ಜನ ತಮ್ಮ ತಪ್ಪೆಂದು ಹಳಿದುಕೊಳ್ಳುವ ಎಷ್ಟೋ ಎಡವಟ್ಟುಗಳು ವಸ್ತುವಿನ ವಿನ್ಯಾಸದ ತಪ್ಪುಗಳು. ಯಾಕೋಬ್ ನೀಲ್ಸನ್ 1994ರಲ್ಲಿ ಪಟ್ಟಿ ಮಾಡಿದ ಹತ್ತು ಸೂತ್ರಗಳಲ್ಲಿ, ಪರದೆಯ ಮಾತು ಬಳಸುವವರ ಮಾತಾಗಿರಬೇಕು ಎಂಬುದೂ, ತಪ್ಪಾದ ಮೇಲೆ ಎಚ್ಚರಿಸುವುದಕ್ಕಿಂತ ತಪ್ಪಾಗದಂತೆ ತಡೆಯುವುದು ಮೇಲು ಎಂಬುದೂ ಸೇರಿವೆ. ಇವನ್ನು ನಾನು ಓದಿದ್ದೆ. ಅಡುಗೆಮನೆಯಲ್ಲಿ ಅವು ನೆನಪಿಗೆ ಬರಲಿಲ್ಲ.

ನಮ್ಮ ರಾಜ್ಯದಲ್ಲೇ ಇದಕ್ಕೊಂದು ಒಳ್ಳೆಯ ಉದಾಹರಣೆ ಇದೆ. 2000ದ ದಶಕದ ಆರಂಭದಲ್ಲಿ ಕಂದಾಯ ಇಲಾಖೆ ‘ಭೂಮಿ’ ಯೋಜನೆಯಡಿ ಪಹಣಿಗಳನ್ನು ಗಣಕೀಕರಿಸಿ, ತಾಲ್ಲೂಕು ಕಚೇರಿಗಳ ಕೇಂದ್ರಗಳಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ಕೊಡಲು ಆರಂಭಿಸಿತು. ಆ ಕೇಂದ್ರಗಳಲ್ಲಿ ಸಿಬ್ಬಂದಿಯ ಪರದೆಯಲ್ಲದೆ ಎರಡನೆಯ ಪರದೆಯೊಂದನ್ನು ರೈತರ ಕಡೆಗೆ ತಿರುಗಿಸಿ ಇಡಲಾಗಿತ್ತು. ತನ್ನ ಜಮೀನಿನ ವಿವರ ಹೇಗೆ ತೆರೆದುಕೊಳ್ಳುತ್ತಿದೆ ಎಂಬುದನ್ನು ರೈತರು ಕಿಟಕಿಯ ಆಚೆಯಿಂದಲೇ ನೋಡಬಹುದಿತ್ತು. ಇದನ್ನು ತರಗತಿಯಲ್ಲಿ ಹೇಳಿದಾಗ ಒಬ್ಬ ಹುಡುಗಿ, “ನಮ್ಮ ತಾತ ಪಹಣಿ ಓದಲ್ಲ ಮಿಸ್, ಆದ್ರೆ ಸರ್ವೆ ನಂಬರ್ ನೋಡಿದ್ರೆ ನಮ್ದು ಅಂತ ಹೇಳ್ತಾರೆ” ಎಂದಳು. ಬಳಸುವವರಿಗೆ ಏನು ಬರುವುದಿಲ್ಲ ಎಂಬುದನ್ನಷ್ಟೇ ಅಲ್ಲ, ಏನು ಬರುತ್ತದೆ ಎಂಬುದನ್ನು ತಿಳಿಯುವುದೇ ವಿನ್ಯಾಸದ ಮೊದಲ ಹೆಜ್ಜೆ ಎಂಬುದಕ್ಕೆ ಇದಕ್ಕಿಂತ ಸರಳ ವಿವರಣೆ ನನಗೆ ಸಿಕ್ಕಿಲ್ಲ.

ಐದನೆಯ ಅವಧಿ: ತಿದ್ದುಪಡಿ

ಮರುದಿನ ತರಗತಿಯಲ್ಲಿ ಮೊದಲು ನನ್ನ ತಪ್ಪನ್ನು ಹೇಳಿದೆ. ಆಮೇಲೆ ನಕ್ಕದ್ದರ ಬಗ್ಗೆ ಮಾತನಾಡಿದೆವು. ನಕ್ಕದ್ದು 420ಕ್ಕೆ, ಅಕ್ಕನಿಗಲ್ಲ ಎಂದು ಹುಡುಗರು ಹೇಳಿದರು. ಅದು ನಿಜ. ಆದರೆ ಅಕ್ಕನಿಗೆ ಹಾಗೆ ಕೇಳಿಸಲಿಲ್ಲ ಎಂಬುದೂ ನಿಜ. ಹಲಗೆಯ ಮೂಲೆಯಲ್ಲಿದ್ದ ‘ಚೌಕ ಚಿಕ್ಕದು ಮಾಡಿದವರದು’ ಎಂಬ ಸಾಲನ್ನು ಯಾರೋ ತೋರಿಸಿದರು. ನಂತರ ಕಂಡ ತೊಡಕು, ಕಾರಣ, ತಿದ್ದುಪಡಿ ಎಂಬ ಮೂರು ಅಂಕಣ ಎಳೆದು ಕೆಲಸ ಆರಂಭಿಸಿದೆವು. ಕೋಷ್ಟಕದ ಸಾರಾಂಶ ಹೀಗಿದೆ.

ಶೀರ್ಷಿಕೆ: ಯಾರೂ ಆಡದ ಮಾತು. ಎಲ್ಲರೂ ಅದನ್ನು ಕರೆಯುವಂತೆ ‘ಊಟದ ಲೆಕ್ಕ’ ಎಂದು ಬದಲಾಯಿಸಿದೆವು.

‘ಸಲ್ಲಿಸು’: ಇಂಗ್ಲಿಷಿನ ‘ಸಬ್ಮಿಟ್’ ಎಂಬುದರ ಅನುವಾದ. ಕನ್ನಡದಲ್ಲಿ ಸಲ್ಲಿಸುವುದು ಅರ್ಜಿಯನ್ನು, ಮೇಲಿನವರಿಗೆ. ಅಕ್ಕನ ಭಯಕ್ಕೆ ಕಾರಣ ಅವರ ಅಜ್ಞಾನವಲ್ಲ, ಅವರ ಕನ್ನಡ. ಅವರು ಆ ಪದವನ್ನು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದರು. ಬಟನಿನ ಮೇಲೆ ‘ಲೆಕ್ಕ ತೋರಿಸು’ ಎಂದು ಬರೆದೆವು.

ಮೊದಲೇ ತುಂಬಿದ ಸೊನ್ನೆ: ಚೌಕವನ್ನು ಖಾಲಿ ಬಿಟ್ಟೆವು. ತರಗತಿಯ ಹೆಸರನ್ನು ಚೌಕದ ಒಳಗಲ್ಲ, ಹೊರಗೆ ದಪ್ಪಕ್ಷರದಲ್ಲಿ ಇಟ್ಟೆವು. ಒಂದು ತರಗತಿಗೆ 100ಕ್ಕಿಂತ ಹೆಚ್ಚು ಬರೆದರೆ ‘ಸಂಖ್ಯೆ ಸರಿಯಿದೆಯೇ ನೋಡಿ’ ಎಂದು ಕೇಳುವಂತೆ ಮಾಡಿದೆವು.

ಎಚ್ಚರಿಕೆಯ ಮಾತು: ಖಾಲಿ ಚೌಕ ಬಿಟ್ಟರೆ ಬ್ರೌಸರ್ ತಾನಾಗಿ ಕೊಡುವ ಎಚ್ಚರಿಕೆ ಬ್ರೌಸರಿನ ಭಾಷೆಯಲ್ಲಿರುತ್ತದೆ, ಪುಟದ ಭಾಷೆಯಲ್ಲಲ್ಲ. ನನ್ನ ಮೊಬೈಲಿನಲ್ಲಿ ಅದು ಇಂಗ್ಲಿಷ್. ‘ಸೆಟ್ ಕಸ್ಟಮ್ ವ್ಯಾಲಿಡಿಟಿ’ ಎಂಬ ಜಾವಾಸ್ಕ್ರಿಪ್ಟ್ ಆದೇಶದಿಂದ ಅಲ್ಲಿ ‘ಒಂಬತ್ತನೇ ತರಗತಿಯ ಸಂಖ್ಯೆ ಬಾಕಿ ಇದೆ’ ಎಂದು ಕನ್ನಡದಲ್ಲೇ ಬರುವಂತೆ ಮಾಡಬಹುದು.

ಬಣ್ಣ: ವೆಬ್ ಪುಟಗಳು ಎಲ್ಲರಿಗೂ ಎಟಕುವಂತಿರಲು ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಹೊಳಪಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕು. ಮಕ್ಕಳಿಗೆ ಹೇಳಿದ ಸೂತ್ರ ಇನ್ನೂ ಸುಲಭ: ಮೊಬೈಲನ್ನು ಬಿಸಿಲಿಗೆ ಒಯ್ದು ನೋಡಿ.

ಒತ್ತಕ್ಷರ: ಇದನ್ನು ಅಡುಗೆಮನೆಯಲ್ಲಿ ನಾವು ಗಮನಿಸಿರಲಿಲ್ಲ, ತಿದ್ದುವಾಗ ಕಂಡಿತು. ‘ಒಟ್ಟು’ ಎಂಬ ಪದ ಇದ್ದ ಪಟ್ಟಿಯ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಹೊಂದುವಂತೆ ನಿಗದಿ ಮಾಡಿದ್ದರಿಂದ ಕೆಳಗಿನ ಒತ್ತು ಕತ್ತರಿಸಿ ‘ಒಟು’ ಎಂದು ಕಾಣುತ್ತಿತ್ತು. ನಾವು ಅಭ್ಯಾಸಬಲದಿಂದ ಸರಿಯಾಗಿಯೇ ಓದಿಕೊಂಡಿದ್ದೆವು. ಕೂಡಿಸಿ ಓದುವವರು ಹಾಗೆ ಓದಲಾರರು. ಕನ್ನಡ ಪುಟದಲ್ಲಿ ಪೆಟ್ಟಿಗೆಯ ಎತ್ತರವನ್ನು ಕಟ್ಟಿಹಾಕಬಾರದು, ಸಾಲುಗಳ ನಡುವೆ ಹೆಚ್ಚು ಜಾಗ ಬಿಡಬೇಕು.

ಬಟನಿನ ಗಾತ್ರ: ಕೈ ಒದ್ದೆಯಾಗಿರುವ ಜಾಗದಲ್ಲಿ ಸಣ್ಣ ಬಟನ್ ಕೆಲಸ ಮಾಡದು. ಪರದೆಯ ಅಗಲದಷ್ಟೇ ದೊಡ್ಡದು ಮಾಡಿದೆವು.

ಉಳಿದದ್ದು ಅಳತೆ. ಗ್ರಾಮನ್ನು ಕಿಲೋಗ್ರಾಂ ಮಾಡಿದರೆ ಸಾಕು ಎಂದುಕೊಂಡಿದ್ದೆವು. ಒಬ್ಬ ಹುಡುಗಿ ಕೇಳಿದಳು: “ಆಂಟಿ ತಕ್ಕಡೀಲಿ ತೂಗಲ್ವಲ್ಲ ಮಿಸ್, ಡಬ್ಬದಲ್ಲಿ ಅಳೀತಾರೆ.” ಯಾರೂ ಅದನ್ನು ಯೋಚಿಸಿರಲಿಲ್ಲ. ಬಿಡುವಿನಲ್ಲಿ ಇಬ್ಬರು ಹೋಗಿ, ಅಕ್ಕನ ಅನುಮತಿ ಕೇಳಿ, ಆ ಡಬ್ಬದ ತುಂಬ ಅಕ್ಕಿ ಅಳೆದು ತೂಗಿಸಿಕೊಂಡು ಬಂದರು. ಒಂದೂವರೆ ಕೆ.ಜಿ. ಅಂದರೆ, ತಲೆಗೆ 150 ಗ್ರಾಂ ಲೆಕ್ಕದಲ್ಲಿ ಒಂದು ಡಬ್ಬ ಹತ್ತು ಮಕ್ಕಳಿಗೆ. “ಅದು ನಂಗೊತ್ತಲ್ಲಾ, ಹತ್ತು ಮಕ್ಳಿಗೆ ಒಂದ್ ಡಬ್ಬ. ಕೇಳಿದ್ರೆ ಹೇಳ್ತಿದ್ನಲ್ಲ” ಎಂದರಂತೆ ಅಕ್ಕ. ಅನುಪಾತದ ಪಾಠವನ್ನು ನಾನು ಎರಡು ವಾರದ ಹಿಂದೆ ಅದೇ ತರಗತಿಗೆ ಮಾಡಿದ್ದೆ. ಶಾಲೆಯಲ್ಲಿ ಅದನ್ನು ದಿನವೂ ಬಳಸುತ್ತಿದ್ದವರನ್ನು ಉದಾಹರಣೆಗೂ ನೆನೆದಿರಲಿಲ್ಲ.

ಆರನೆಯ ಅವಧಿ: ಮತ್ತೊಮ್ಮೆ

ಎರಡನೆಯ ಸಲ ಹೋದಾಗ ನಿಯಮ ಮಾಡಿಕೊಂಡೆವು. ಒಬ್ಬರು ಮಾತ್ರ ಮಾತನಾಡುವುದು. ಉಳಿದವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುವುದು, ನಾನೂ ಸೇರಿ. ಆರಂಭದಲ್ಲೇ ಒಬ್ಬ ಹುಡುಗ ಹೇಳಿದ: “ಅಕ್ಕಾ, ಇದು ನಿಮಗೆ ಪರೀಕ್ಷೆ ಅಲ್ಲ, ನಮಗೆ. ನೀವು ಎಲ್ಲಿ ನಿಂತರೂ ಅದು ನಮ್ಮ ತಪ್ಪು.” ಅಕ್ಕ ನಗುತ್ತಾ ಮೊಬೈಲ್ ತೆಗೆದುಕೊಂಡರು. ಮೂರು ಸಂಖ್ಯೆ ತುಂಬಿದರು. ಎರಡನೆಯ ಚೌಕದಲ್ಲಿ ಒಂದು ಕ್ಷಣ ತಡೆದರು. ನನ್ನ ಕೈ ಮುಂದಕ್ಕೆ ಬರಲು ಹೊರಟಿತು, ತಡೆದುಕೊಂಡೆ. ಅವರು ಹಲಗೆಯ ಕಡೆ ನೋಡಿ ಸಂಖ್ಯೆ ಖಾತ್ರಿ ಮಾಡಿಕೊಂಡು ಮುಂದುವರಿದರು. ತಡವರಿಕೆ ಎಂದು ನಾನು ತಿಳಿದದ್ದು ಅವರು ಪರಿಶೀಲಿಸುತ್ತಿದ್ದದ್ದು. ಬಟನ್ ಒತ್ತಿದರು. ‘ಒಟ್ಟು 125 ಮಕ್ಕಳು. ಅಕ್ಕಿ ಹನ್ನೆರಡೂವರೆ ಡಬ್ಬ’ ಎಂದು ಬಂತು.

“ಸರಿಯಾಗದೆ” ಎಂದರು. ಸ್ವಲ್ಪ ನಿಂತು, “ಆದ್ರೆ ದಿನಾ ಈ ಫೋನು ಯಾರ್ ತಂದ್ಕೊಡ್ತಾರೆ?” ಎಂದರು.

ಆ ಪ್ರಶ್ನೆಗೂ ನಮ್ಮಲ್ಲಿ ಉತ್ತರ ಇರಲಿಲ್ಲ. ತರಗತಿಗೆ ಮರಳಿ ಚರ್ಚಿಸಿದಾಗ ಮಕ್ಕಳು ತಾವಾಗಿ ಕಂಡುಕೊಂಡದ್ದು: ಅಡುಗೆಮನೆಯ ಹಲಗೆಯೂ ಒಂದು ಇಂಟರ್‌ಫೇಸ್. ಅಕ್ಷರ ದಪ್ಪ, ದೂರದಿಂದ ಕಾಣುತ್ತದೆ, ಒದ್ದೆ ಕೈಗೂ ಕೆಡುವುದಿಲ್ಲ, ತಪ್ಪಾದರೆ ಒರೆಸಿ ಬರೆಯಬಹುದು. ಅದರಲ್ಲಿ ಇಲ್ಲದಿದ್ದದ್ದು ಒಟ್ಟು ಮತ್ತು ಡಬ್ಬದ ಲೆಕ್ಕ ಮಾತ್ರ.

ಮೌಲ್ಯಮಾಪನದ ಬಗ್ಗೆ ಒಂದು ಸಲಹೆ

ಪ್ರೌಢಶಾಲೆಯಿಂದ ಪದವಿಯವರೆಗೆ ವಿದ್ಯಾರ್ಥಿಗಳ ವೆಬ್ ಪ್ರಾಜೆಕ್ಟುಗಳನ್ನು ನಾವು ಅಳೆಯುವುದು ತಯಾರಿಸಿದವರ ಬಾಯಿಂದ: ಅವರು ಬರೆದ ವರದಿ, ಅವರೇ ನಡೆಸಿ ತೋರಿಸುವ ಪ್ರದರ್ಶನ, ಅವರು ಕೊಡುವ ಉತ್ತರ. ತಯಾರಿಸಿದವರ ಕೈಯಲ್ಲಿ ಯಾವ ಪುಟವೂ ಸೋಲುವುದಿಲ್ಲ. ಸೊನ್ನೆಯನ್ನು ಅಳಿಸಿಯೇ ಸಂಖ್ಯೆ ತುಂಬಬೇಕೆಂದು ಅವರಿಗೆ ಗೊತ್ತಿರುತ್ತದೆ. ಆದ್ದರಿಂದ 20 ಅಂಕಗಳ ಪ್ರಾಜೆಕ್ಟಿಗೆ ನಾನು ಬಳಸಿದ ರೂಬ್ರಿಕ್ ಅನ್ನು ಚರ್ಚೆಗೆ ಮುಂದಿಡುತ್ತೇನೆ.

ಪುಟ ಸರಿಯಾಗಿ ಕೆಲಸ ಮಾಡುವುದಕ್ಕೆ 8 ಅಂಕ. ಬಳಸುವವರನ್ನು ಗಮನಿಸಿ ಬರೆದ ದಾಖಲೆಗೆ 6. ಇಲ್ಲಿ ‘ಚೆನ್ನಾಗಿದೆ ಎಂದರು’ ಎಂಬ ಸಾಲಿಗೆ ಅಂಕವಿಲ್ಲ; ‘ಎರಡನೆಯ ಚೌಕದಲ್ಲಿ ನಿಂತು ಹಲಗೆ ನೋಡಿದರು’ ಎಂಬಂಥ ಸಾಲಿಗೆ ಇದೆ. ದಾಖಲೆಯ ಆಧಾರದಲ್ಲಿ ಮಾಡಿದ ತಿದ್ದುಪಡಿ ಮತ್ತು ಅದರ ಕಾರಣಕ್ಕೆ 6. ಮೊದಲ ಪುಟ ಸೋತಿದ್ದರೆ ಅಂಕ ಕಡಿಮೆಯಾಗುವುದಿಲ್ಲ. ಸೋತದ್ದನ್ನು ನೋಡದೆ ಹೋದರೆ ಕಡಿಮೆಯಾಗುತ್ತದೆ.

ಇದಕ್ಕೆ ಮಿತಿಗಳಿವೆ. ನಾವು ಪರೀಕ್ಷಿಸಿದ್ದು ಒಂದೇ ಪುಟವನ್ನು, ಒಬ್ಬರೇ ಬಳಕೆದಾರರೊಂದಿಗೆ. ಆರು ಅವಧಿಗಳು ಪಠ್ಯ ಮುಗಿಸುವ ಒತ್ತಡದಲ್ಲಿರುವ ಶಾಲೆಗೆ ಹೆಚ್ಚೆನಿಸಬಹುದು. ಬಳಸುವವರ ಕೆಲಸಕ್ಕೆ ಅಡ್ಡಿಯಾಗದ ಸಮಯ ಹುಡುಕಬೇಕು, ಅವರ ಒಪ್ಪಿಗೆ ಕೇಳಬೇಕು. ಮೊದಲ ಸಲ ನಾನು ಒಲೆಯ ಮೇಲೆ ನೀರು ಕುದಿಯುವ ಹೊತ್ತಿಗೆ ಹೋಗಿದ್ದೆ. ಅದೂ ವಿನ್ಯಾಸದ ತಪ್ಪೇ.

ಮುಕ್ತಾಯ

ಈ ಘಟಕದ ನಂತರ ನನ್ನ ಗಣಿತ ಪಾಠದಲ್ಲಿ ಒಂದು ಬದಲಾವಣೆ ಮಾಡಿಕೊಂಡೆ. ಮಗು ಹಲಗೆಯ ಬಳಿ ಲೆಕ್ಕ ಬಿಡಿಸುವಾಗ ನಾನು ಕೋಣೆಯ ಹಿಂಬದಿಗೆ ಹೋಗಿ ಕೈಕಟ್ಟಿ ನಿಲ್ಲುತ್ತೇನೆ. ಮಗು ನಿಂತ ಜಾಗವನ್ನು ಗುರುತು ಮಾಡಿಕೊಳ್ಳುತ್ತೇನೆ. ಬಹುಪಾಲು ಸಲ ಅಲ್ಲಿ ನನ್ನ ವಿವರಣೆಯ ‘ಚೌಕ’ವೇ ಚಿಕ್ಕದಾಗಿರುತ್ತದೆ. ಕೊನೆಯ ವೀಕ್ಷಣಾ ಹಾಳೆಯಲ್ಲಿ ಕಾಯುವ ಸಮಯದ ಬಗ್ಗೆ ಟಿಪ್ಪಣಿ ಇರಲಿಲ್ಲ.

ಬೋಧನಾಭ್ಯಾಸ ಮುಗಿಸಿ ಶಾಲೆಯಿಂದ ಹೊರಡುವ ದಿನ ಅಡುಗೆಮನೆಯ ಕಡೆ ಹೋಗಿ ಅಕ್ಕನಿಗೆ ಹೇಳಿ ಬಂದೆ. ಬಾಗಿಲ ಪಕ್ಕದಲ್ಲಿ ಮೊದಲಿನ ಹಲಗೆಯೇ ಇತ್ತು. ವೆಬ್ ಪುಟವನ್ನು ಅಲ್ಲಿ ಯಾರೂ ಬಳಸುತ್ತಿರಲಿಲ್ಲ. ಆದರೆ ಮೂರು ತರಗತಿಯ ಸಂಖ್ಯೆಗಳ ಕೆಳಗೆ ಒಂಬತ್ತನೆಯ ತರಗತಿಯವರು ಗೆರೆ ಎಳೆದು ಎರಡು ಹೊಸ ಸಾಲು ಸೇರಿಸಿದ್ದರು: ‘ಒಟ್ಟು’, ‘ಡಬ್ಬ’. ಒತ್ತಕ್ಷರಕ್ಕೆ ಕೆಳಗೆ ಸಾಕಷ್ಟು ಜಾಗ ಬಿಟ್ಟಿದ್ದರು.